ವಿಂಡೋಸ್ 11 ಹಾಕಿದ ಮೇಲೆ ಗೇಮ್ ಕುಂಟುವುದು ಯಾಕೆ?

ವಿಂಡೋಸ್ 10ಕ್ಕೆ ಬೆಂಬಲ ನಿಂತದ್ದು 2025ರ ಅಕ್ಟೋಬರ್ 14ಕ್ಕೆ. ಆ ನೆಪದಲ್ಲಿ ಗೇಮಿಂಗ್ ಲ್ಯಾಪ್‌ಟಾಪನ್ನು 11ಕ್ಕೆ ಏರಿಸಿದವರ ದೂರು ಹೆಚ್ಚುಕಡಿಮೆ ಒಂದೇ: ಸೆಕೆಂಡಿಗೆ 90 ಫ್ರೇಮ್ ಬರುತ್ತಿದ್ದ ಗೇಮ್ ಈಗ 35 ದಾಟುವುದಿಲ್ಲ. ಫಾರ್ಮ್ಯಾಟ್ ಮಾಡಿಸಲು ಅಂಗಡಿಗೆ ಓಡಬೇಡಿ ಮಾರಾಯ್ರೆ. ಹೆಚ್ಚಿನ ಸಲ ಕೆಟ್ಟದ್ದು ಏನೂ ಇರುವುದಿಲ್ಲ, ಹಳೆಯ ಸೆಟ್ಟಿಂಗ್ ಮೊದಲಿನ ಸ್ಥಿತಿಗೆ ಹೋಗಿರುತ್ತದೆ ಅಷ್ಟೆ.

ಮೊದಲ ದಿನ ಅಳೆಯಲೇಬೇಡಿ. ಅಪ್‌ಗ್ರೇಡ್ ಆದ ಮೇಲೆ ಫೈಲ್ ಇಂಡೆಕ್ಸಿಂಗ್, ಡಿಫೆಂಡರ್ ತಪಾಸಣೆ, ಬಾಕಿ ಅಪ್‌ಡೇಟ್ ಎಲ್ಲ ಹಿಂದಿನಿಂದ ನಡೆಯುತ್ತಿರುತ್ತವೆ. ಚಾರ್ಜರ್ ಹಾಕಿ ಒಂದು ರಾತ್ರಿ ಹಾಗೇ ಬಿಡಿ.

ಮರುದಿನ ಗೇಮನ್ನು ಪೂರ್ತಿ ಪರದೆ ಬಿಟ್ಟು ಕಿಟಕಿಯಲ್ಲಿ ಓಡಿಸಿ, ಪಕ್ಕದಲ್ಲಿ ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್ ಪುಟ ತೆರೆದಿಡಿ. ಗೇಮಿಂಗ್ ಲ್ಯಾಪ್‌ಟಾಪ್‌ನಲ್ಲಿ ಸಾಮಾನ್ಯವಾಗಿ ಎರಡು ಜಿಪಿಯು, ಅಂದರೆ ಚಿತ್ರ ಮೂಡಿಸುವ ಗ್ರಾಫಿಕ್ಸ್ ಚಿಪ್, ಕಾಣಬೇಕು: 0 ಅಂದರೆ ಪ್ರೊಸೆಸರ್‌ನೊಳಗಿನದ್ದು, 1 ಅಂದರೆ ಎನ್‌ವಿಡಿಯಾ ಅಥವಾ ಎಎಂಡಿಯ ಪ್ರತ್ಯೇಕ ಚಿಪ್. 0 ನೂರು ಶೇಕಡಾ ಮುಟ್ಟಿ 1 ನಿದ್ದೆ ಹೊಡೆಯುತ್ತಿದ್ದರೆ ಗೇಮ್ ತಪ್ಪು ಚಿಪ್‌ನಲ್ಲಿ ಓಡುತ್ತಿದೆ ಎಂದರ್ಥ. ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ, ಗ್ರಾಫಿಕ್ಸ್ ಹೀಗೆ ಒಳಗೆ ಹೋಗಿ, ಆ ಗೇಮ್‌ಗೆ 'ಹೈ ಪರ್ಫಾರ್ಮೆನ್ಸ್' ಕೊಡಿ. ಗೇಮ್ 1ರಲ್ಲೇ ಓಡುತ್ತಿದ್ದರೂ 0ಯಲ್ಲಿ ಸ್ವಲ್ಪ ಓಡಾಟ ಕಾಣುತ್ತದೆ. ಚಿತ್ರವನ್ನು ಪರದೆಗೆ ದಾಟಿಸುವುದು ಅದೇ, ಹಾಗಾಗಿ ಅದಕ್ಕೆ ಗಾಬರಿ ಬೇಡ.

ಎರಡನೇ ಜಿಪಿಯು ಕಾಣುವುದೇ ಇಲ್ಲವಾದರೆ ಡಿವೈಸ್ ಮ್ಯಾನೇಜರ್ ನೋಡಿ. ಹಳದಿ ಗುರುತೋ 'ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್' ಎಂಬ ಹೆಸರೋ ಇದ್ದರೆ ಡ್ರೈವರ್, ಅಂದರೆ ಚಿಪ್ಪನ್ನು ನಡೆಸುವ ತಂತ್ರಾಂಶ, ಹೋಗಿದೆ. ಎರಡೂ ಇಲ್ಲದಿದ್ದರೆ ಲ್ಯಾಪ್‌ಟಾಪ್ ಕಂಪನಿಯ ಸಾಫ್ಟ್‌ವೇರ್‌ನಲ್ಲಿ ಇಕೋ ಮೋಡ್ ಹತ್ತಿದೆಯೋ ನೋಡಿ, ಅದು ಆ ಚಿಪ್ಪನ್ನೇ ಮಲಗಿಸಿಬಿಡುತ್ತದೆ.

ಡ್ರೈವರ್ ಬದಲಿಸುವುದಾದರೆ ಸರಿಯಾಗಿ ಬದಲಿಸಿ. ಹಳೆಯದರ ಮೇಲೆ ಹೊಸದು ಹೇರಿದರೆ ತೊಡಕು ಉಳಿಯಬಹುದು. ತಳದ ಸ್ಟಿಕ್ಕರ್‌ನಲ್ಲಿರುವ ಮಾಡೆಲ್ ನಂಬರ್ ಹಿಡಿದು ಚಿಪ್‌ಸೆಟ್, ಒಳಗಿನ ಗ್ರಾಫಿಕ್ಸ್, ಪ್ರತ್ಯೇಕ ಗ್ರಾಫಿಕ್ಸ್ ಮೂರರ ಡ್ರೈವರನ್ನೂ ಮೊದಲೇ ಇಳಿಸಿಟ್ಟುಕೊಳ್ಳಿ. ಡಿಸ್ಕ್‌ಗೆ ಬೀಗ ಹಾಕುವ ಬಿಟ್‌ಲಾಕರ್‌ನ 48 ಅಂಕಿಯ ರಿಕವರಿ ಕೀ ಬರೆದಿಟ್ಟುಕೊಳ್ಳಿ. ಸೇಫ್ ಮೋಡ್‌ಗೆ (ಬೇಕೇಬೇಕಾದ ಭಾಗಗಳಷ್ಟೇ ಓಡುವ ಸ್ಥಿತಿ) ಹೋಗುವಾಗ ಅದನ್ನು ಕೇಳುವುದುಂಟು, ಆಗ ಹುಡುಕುತ್ತಾ ಕೂತರೆ ಆಗಲಿಕ್ಕಿಲ್ಲ. ಆಮೇಲೆ ವೈಫೈ ಆಫ್ ಮಾಡಿ, ಸೇಫ್ ಮೋಡ್‌ನಲ್ಲಿ ಡಿಡಿಯು (ಡಿಸ್‌ಪ್ಲೇ ಡ್ರೈವರ್ ಅನ್‌ಇನ್‌ಸ್ಟಾಲರ್) ಓಡಿಸಿ ಹಳೆಯದನ್ನು ಬುಡಸಮೇತ ತೆಗೆದು, ಮಾಮೂಲಿ ವಿಂಡೋಸ್‌ಗೆ ಮರಳಿ ಅದೇ ಕ್ರಮದಲ್ಲಿ ಮೂರನ್ನೂ ಹಾಕಿ. ವೈಫೈ ಆನ್ ಇಟ್ಟರೆ ವಿಂಡೋಸ್ ಅಪ್‌ಡೇಟ್ ನಡುವೆ ನುಗ್ಗಿ ತನ್ನದೊಂದು ಡ್ರೈವರ್ ಕೂರಿಸುತ್ತದೆ. ಹೊಸ ಡ್ರೈವರ್ ಬಂದಾಗ ಗೇಮ್ ತನ್ನ ಶೇಡರ್‌ಗಳನ್ನು (ಚಿತ್ರ ಬಿಡಿಸುವ ಸಣ್ಣ ಪ್ರೋಗ್ರಾಂಗಳು) ಮತ್ತೆ ಕಟ್ಟಿಕೊಳ್ಳುವುದರಿಂದ ಮೊದಲ ಅರ್ಧ ಗಂಟೆ ತಡವರಿಸಿದರೆ ಅದು ಲೆಕ್ಕಕ್ಕಿಲ್ಲ.

ಜಿಪಿಯು ಸರಿಯಿದ್ದೂ ನಿಧಾನವೆಂದರೆ ಸಿಪಿಯು ವೇಗ ನೋಡಿ. ಅದು 0.4 ಅಥವಾ 0.79 ಗಿಗಾಹರ್ಟ್ಸ್‌ನಲ್ಲಿ ಅಂಟಿಕೊಂಡಿದ್ದರೆ ಚಾರ್ಜರ್ ಮೇಲೆ ಸಂಶಯ ಪಡಿ. ಲ್ಯಾಪ್‌ಟಾಪ್‌ಗೆ ಚುಚ್ಚುವ ತುದಿಯ ನಡುವಿನ ಸಪೂರ ಪಿನ್ ಕೆಟ್ಟರೆ ಕೆಲವು ಲ್ಯಾಪ್‌ಟಾಪ್‌ಗಳು ಚಾರ್ಜರನ್ನು ಗುರುತಿಸದೆ ವೇಗವನ್ನೇ ಹಿಡಿದಿಡುತ್ತವೆ. 180 ವ್ಯಾಟ್ ಬೇಡುವ ಯಂತ್ರಕ್ಕೆ 65 ವ್ಯಾಟ್‌ನ ಟೈಪ್-ಸಿ ಚಾರ್ಜರ್ ಕೊಟ್ಟರೂ ಇದೇ ಗತಿ. ಇನ್ನೊಂದು, ನಮ್ಮ ಕಡೆ ಗುಡುಗು ಶುರುವಾದ ಕೂಡಲೇ ಪ್ಲಗ್ ಕಿತ್ತಿಡುವ ಅಭ್ಯಾಸ. ಅದು ಸರಿಯೇ, ಆದರೆ ಬ್ಯಾಟರಿಯಲ್ಲಿ ಎನ್‌ವಿಡಿಯಾದ 'ಬ್ಯಾಟರಿ ಬೂಸ್ಟ್' ಎಂಬ ಸೆಟ್ಟಿಂಗ್ ಫ್ರೇಮನ್ನು 30ಕ್ಕೆ ಕಟ್ಟಿಹಾಕುವುದುಂಟು. ಮಳೆ ಸಂಜೆಯ ಅಳತೆಯನ್ನು ನಂಬಬೇಡಿ. ಹಾಗೆಯೇ ಪವರ್ ಮೋಡ್ 'ಬೆಸ್ಟ್ ಪರ್ಫಾರ್ಮೆನ್ಸ್' ಇದೆಯೋ, ಪರದೆ 144 ಹರ್ಟ್ಸ್‌ನಿಂದ 60ಕ್ಕೆ ಇಳಿದಿದೆಯೋ ನೋಡಿಕೊಳ್ಳಿ.

ಕೆಟ್ಟ ಕೋಡ್ ವಿಂಡೋಸ್‌ನ ಒಳಗೆ ನುಗ್ಗದಂತೆ ಕಾಯುವ ಮೆಮೊರಿ ಇಂಟೆಗ್ರಿಟಿ ಬಗ್ಗೆ ಯೂಟ್ಯೂಬ್‌ನವರು ಹೇಳುವಷ್ಟು ದೊಡ್ಡ ಗುಟ್ಟೇನೂ ಇಲ್ಲ. ಅದನ್ನು ಆಫ್ ಮಾಡಿದರೆ ಕೆಲವು ಗೇಮ್ ಚುರುಕಾಗಬಹುದು ಎಂದು ಮೈಕ್ರೋಸಾಫ್ಟೇ ಹೇಳಿದೆ. ಆದರೆ ಹೊಸ ಪ್ರೊಸೆಸರ್‌ಗಳಲ್ಲಿ ಅದಕ್ಕೆ ಹಾರ್ಡ್‌ವೇರ್ ನೆರವು ಉಂಟು. ಹೆಚ್ಚು ತಟ್ಟುವುದು ಎಎಂಡಿಯ ರೈಜನ್ 5 3550ಎಚ್‌ನಂಥ ಝೆನ್ ಪ್ಲಸ್ ಪೀಳಿಗೆಯ ಚಿಪ್‌ಗಳಿಗೆ, ಮತ್ತು ಅಡ್ಡದಾರಿಯಲ್ಲಿ 11 ಹಾಕಿಸಿಕೊಂಡ ಹಳೆಯ ಇಂಟೆಲ್‌ಗಳಿಗೆ. ಬ್ಯಾಂಕ್ ಕೆಲಸವೂ ಅದೇ ಲ್ಯಾಪ್‌ಟಾಪ್‌ನಲ್ಲಿ ಆಗುವುದಾದರೆ ನಾಲ್ಕು ಫ್ರೇಮ್ ಆಸೆಗೆ ಆ ಕಾವಲನ್ನು ತೆಗೆಯದಿರುವುದೇ ಒಳ್ಳೆಯದು.

ಮೊದಲ ಹತ್ತು ನಿಮಿಷ 90 ಇದ್ದು ಆಮೇಲೆ ಬಿದ್ದರೆ ಅದು ವಿಂಡೋಸ್‌ನ ತಪ್ಪಲ್ಲ, ಸೆಕೆಯದ್ದು. ಕೋಣೆ 5 ಡಿಗ್ರಿ ಬಿಸಿಯಾದರೆ ಚಿಪ್ ಕೂಡ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ, ಮಂಗಳೂರಿನ ಏಪ್ರಿಲ್ ಹೇಗೆಂದು ಹೇಳಬೇಕಾಗಿಲ್ಲ. ಚಿಪ್‌ನ ಬಿಸಿ ತೋರಿಸುವ ಎಚ್‌ಡಬ್ಲ್ಯುಇನ್ಫೋ ತಂತ್ರಾಂಶ ಹಾಕಿ 'ಥರ್ಮಲ್ ಥ್ರಾಟ್ಲಿಂಗ್' (ಬಿಸಿಗೆ ವೇಗ ಇಳಿಸುವುದು) ಎದುರು 'ಯೆಸ್' ಬಂದರೆ ತಳ ಬಿಚ್ಚಬೇಕು. ಇಲ್ಲಿನ ತೇವಕ್ಕೆ ಧೂಳು ಫ್ಯಾನ್‌ನ ಆಚೆ, ತಾಮ್ರ-ಅಲ್ಯೂಮಿನಿಯಂ ಎಲೆಗಳ ನಡುವೆ ಕಂಬಳಿಯ ಹಾಗೆ ಗಟ್ಟಿಯಾಗಿ ಕೂರುತ್ತದೆ. ಹೊರಗಿನಿಂದ ಬ್ಲೋವರ್ ಊದಿದರೆ ಬರುವುದಿಲ್ಲ. ಬಿಚ್ಚಿದ ಮೇಲೆ ಮೊದಲು ಬ್ಯಾಟರಿ ಕನೆಕ್ಟರ್ ಕಳಚಿ, ಫ್ಯಾನ್ ತಿರುಗದಂತೆ ಬೆರಳಲ್ಲಿ ಹಿಡಿದು ಬ್ರಷ್ ಆಡಿಸಿ. ಬಿಸಿ ದಾಟಿಸುವ ಮೆತ್ತನೆಯ ಥರ್ಮಲ್ ಪ್ಯಾಡ್ ಹರಿದರೆ ಅಷ್ಟೇ ದಪ್ಪದ್ದು ಬೇಕು. 1 ಮಿಲಿಮೀಟರ್ ಇದ್ದಲ್ಲಿ 1.5 ಇಟ್ಟರೆ ಬಿಸಿ ಹೀರುವ ಹೀಟ್‌ಸಿಂಕ್ ಚಿಪ್‌ಗೆ ಸರಿಯಾಗಿ ತಾಗದೆ ಚಿಪ್ ಇನ್ನಷ್ಟು ಬಿಸಿಯಾಗುತ್ತದೆ.

ಇಷ್ಟೆಲ್ಲ ಆಗಿಯೂ ಸರಿಯಾಗದಿದ್ದರೆ ಸೆಟ್ಟಿಂಗ್ಸ್‌ನ ರಿಕವರಿಯಲ್ಲಿ 'ಗೋ ಬ್ಯಾಕ್' ಒತ್ತಿ 10ಕ್ಕೆ ಮರಳಬಹುದು, ಅದೂ ಅಪ್‌ಗ್ರೇಡ್ ಆದ 10 ದಿನದೊಳಗೆ. ಜಾಗ ಸಾಲದೆಂದು ಡಿಸ್ಕ್ ಕ್ಲೀನಪ್‌ನಲ್ಲಿ ಹಳೆಯ ವಿಂಡೋಸ್ ಫೋಲ್ಡರ್ ಅಳಿಸಿದ್ದರೆ ಆ ಬಾಗಿಲೂ ಮುಚ್ಚಿದಂತೆಯೇ.