ರಾತ್ರಿ ಮಲಗಿದಾಗ ಎದೆ ಡವಡವ ಹೊಡೆದುಕೊಳ್ಳುತ್ತದಲ್ಲ, ಏನು ಮಾಡಬೇಕು?

ಪ್ರಶ್ನೆ ಹೆಚ್ಚುಕಡಿಮೆ ಇದೇ ರೂಪದಲ್ಲಿ ಬರುತ್ತದೆ: “ಹಗಲೆಲ್ಲ ಏನೂ ಇರಲ್ಲ. ರಾತ್ರಿ ಎಡಮಗ್ಗುಲಿಗೆ ಹೊರಳಿದ ತಕ್ಷಣ ಎದೆ ಜೋರಾಗಿ ಹೊಡ್ಕೊಳ್ಳೋಕೆ ಶುರು. ನಡುವೆ ಒಂದು ಬಡಿತ ತಪ್ಪಿದ ಹಾಗಾಗಿ ಧಸಕ್ ಅನ್ನುತ್ತೆ. ಇದು ಹಾರ್ಟ್ ಅಟ್ಯಾಕಾ, ಗ್ಯಾಸಾ? ನಿಲ್ಲಿಸೋದು ಹೇಗೆ?”

ನಿಲ್ಲಿಸುವ ಯೋಚನೆ ಆಮೇಲೆ. ಮೊದಲು ಅದರ ತಾಳ ಹಿಡಿಯಿರಿ. ಎದೆ ಜೋರಾಗಿ ಬಡಿಯುವುದು ಒಂದೇ ಕಾಯಿಲೆಯ ಲಕ್ಷಣವಲ್ಲ. ನಾಲ್ಕೈದು ಬೇರೆ ಬೇರೆ ಸಂಗತಿಗಳು ಒಳಗಿನಿಂದ ಒಂದೇ ಥರ ಅನ್ನಿಸುತ್ತವೆ. ಯಾವುದು ಯಾವುದೆಂದು ಹೇಳುವುದು ತಾಳ. ಹೃದ್ರೋಗದ ವೈದ್ಯರು “ಹೇಗೆ ಬಡೀತು, ಮೇಜಿನ ಮೇಲೆ ಬೆರಳಲ್ಲಿ ತಟ್ಟಿ ತೋರಿಸಿ” ಅನ್ನುವುದು ಇದಕ್ಕೇ.

ಆದರೆ ಕೆಲವು ಸಂದರ್ಭದಲ್ಲಿ ತಾಳ ಎಣಿಸುತ್ತ ಕೂರಬಾರದು. ಬಡಿತದ ಜೊತೆ ಎದೆಯಲ್ಲಿ ಭಾರ ಅಥವಾ ನೋವು, ಉಸಿರು ಸಿಗದಿರುವುದು, ತಣ್ಣನೆ ಬೆವರು, ಕಣ್ಣು ಕತ್ತಲೆ ಬಂದು ಬೀಳುವುದು ಇದ್ದರೆ 108ಕ್ಕೆ ಕರೆ ಮಾಡಿ. ಸುಮ್ಮನೆ ಕೂತಿದ್ದಾಗಲೂ ನಾಡಿ 120ರ ಮೇಲೆ ಹೋಗಿ ಇಳಿಯದಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಓಡುವಾಗ, ಮೆಟ್ಟಿಲು ಹತ್ತುವಾಗ ಬಡಿತ ಕೆಟ್ಟು ತಲೆ ಸುತ್ತುವವರು, ಮನೆತನದಲ್ಲಿ 40 ದಾಟುವ ಮೊದಲೇ ಯಾರಾದರೂ ಹಠಾತ್ತನೆ ತೀರಿಕೊಂಡಿರುವವರು, ಹಿಂದೆ ಹೃದಯಾಘಾತ ಆದವರು, ಚಿಕ್ಕಂದಿನ ಕೀಲುಜ್ವರದಿಂದ ಕವಾಟ ಕೆಟ್ಟವರು “ನೋಡೋಣ” ಅಂತ ದಿನ ತಳ್ಳಬಾರದು. ಇಂಥ ಹೊತ್ತಲ್ಲಿ ಗ್ಯಾಸ್ ಎಂದು ಸೋಡಾ ಕುಡಿದು ಮಲಗುವುದು ನಮ್ಮಲ್ಲಿ ತುಂಬ ದುಬಾರಿಯಾಗಿರುವ ತಪ್ಪು.

ಈಗ ಆ ‘ಧಸಕ್’ ವಿಷಯ. ಹೃದಯ ದಿನಕ್ಕೆ ಸುಮಾರು 1 ಲಕ್ಷ ಸಲ ಬಡಿಯುತ್ತದೆ. ನಡುವೆ ಒಂದು ಬಡಿತ, ಕೆಳಕೋಣೆಯಲ್ಲಿ ರಕ್ತ ತುಂಬುವ ಮೊದಲೇ ಅವಸರಪಟ್ಟು ಬಂದುಬಿಡುತ್ತದೆ. ಒಳಗೆ ರಕ್ತವೇ ಕಡಿಮೆ ಇರುವುದರಿಂದ ಅದು ಮಣಿಕಟ್ಟಿನವರೆಗೆ ಮುಟ್ಟುವುದಿಲ್ಲ; ನಾಡಿ ನೋಡುತ್ತಿದ್ದರೆ ‘ಒಂದು ತಪ್ಪಿತು’ ಅನ್ನಿಸುತ್ತದೆ. ಅದರ ಹಿಂದೆ ಒಂದು ಉದ್ದ ವಿರಾಮ. ಆ ವಿರಾಮದಲ್ಲಿ ಕೋಣೆ ಮಾಮೂಲಿಗಿಂತ ಹೆಚ್ಚು ತುಂಬಿಕೊಳ್ಳುತ್ತದೆ, ಮುಂದಿನ ಬಡಿತ ಅಷ್ಟನ್ನೂ ಒಮ್ಮೆಗೇ ನೂಕುತ್ತದೆ. ಎದೆಗೆ ಒಳಗಿನಿಂದ ಗುದ್ದಿದಂತಾಗುವುದು ಆಗಲೇ. ಅಂದರೆ ನಿಮ್ಮನ್ನು ಎಬ್ಬಿಸಿ ಕೂರಿಸಿದ್ದು ಅವಸರಪಟ್ಟು ಬಂದ ಆ ಅಡ್ಡಬಡಿತವಲ್ಲ, ಅದರ ಹಿಂದೆ ಬಂದ ಸರಿಯಾದ ಬಡಿತ. ಇದು ಗೊತ್ತಾದ ಮೇಲೆ ಅರ್ಧ ಹೆದರಿಕೆ ಇಳಿದವರು ಬಹಳ ಜನ.

ಎಡಮಗ್ಗುಲೇ ಯಾಕೆ? ಎಡಕ್ಕೆ ಹೊರಳಿದಾಗ ಹೃದಯದ ತುದಿ ಎದೆಗೂಡಿನ ಗೋಡೆಗೆ ಹತ್ತಿರವಾಗುತ್ತದೆ. ಸುತ್ತ ಸದ್ದಿಲ್ಲ, ದಿಂಬಿಗೆ ಒತ್ತಿದ ಕಿವಿಗೆ ನಾಡಿ ಕೇಳಿಸುತ್ತದೆ. ವಿಶ್ರಾಂತಿಯಲ್ಲಿ ಬಡಿತ ನಿಧಾನವಾಗುವುದರಿಂದ ಅಡ್ಡಬಡಿತಗಳಿಗೆ ನಡುವೆ ನುಗ್ಗಲು ಜಾಗವೂ ಸಿಗುತ್ತದೆ. ಬಲಕ್ಕೆ ಹೊರಳಿ, ಅಥವಾ ಎರಡು ದಿಂಬು ಇಟ್ಟು ಒರಗಿ. ಅಷ್ಟಕ್ಕೇ ನಿಂತರೆ ನಿಂತಿತು.

ನಾಡಿ ನೋಡುವುದನ್ನು ಎಲ್ಲರೂ ಕಲಿಯಬೇಕು. ಅಂಗೈ ಮೇಲೆ ಮಾಡಿ, ಹೆಬ್ಬೆರಳಿನ ಬುಡದಿಂದ ಎರಡು ಬೆರಳಿನಷ್ಟು ಕೆಳಗೆ, ಮಣಿಕಟ್ಟಿನ ಹೊರ ಅಂಚಿನ ತಗ್ಗಿನಲ್ಲಿ ಇನ್ನೊಂದು ಕೈಯ ತೋರುಬೆರಳು, ನಡುಬೆರಳು ಇಡಿ. ಹೆಬ್ಬೆರಳು ಬೇಡ, ಅದರದೇ ನಾಡಿ ಗೊಂದಲ ಮಾಡುತ್ತದೆ. ತುಂಬ ಒತ್ತಿದರೆ ನಾಡಿ ಮುಚ್ಚಿಹೋಗುತ್ತದೆ. 30 ಸೆಕೆಂಡ್ ಎಣಿಸಿ ಎರಡರಿಂದ ಗುಣಿಸಿ. ತಾಳ ಏರುಪೇರಿದ್ದರೆ ಪೂರ್ತಿ 60 ಸೆಕೆಂಡ್ ಎಣಿಸಲೇಬೇಕು. ಸುಮ್ಮನೆ ಕೂತಾಗ 60ರಿಂದ 100 ಸಹಜ. ಕೋವಿಡ್ ಕಾಲದಲ್ಲಿ ಮನೆಮನೆಗೂ ಬಂದ ಆಕ್ಸಿಮೀಟರ್ ಇಲ್ಲಿ ಮೋಸ ಮಾಡುತ್ತದೆ: ಒಂದು ಬಿಟ್ಟು ಒಂದು ಅಡ್ಡಬಡಿತ ಬರುತ್ತಿದ್ದರೆ ಹೃದಯ 80 ಸಲ ಬಡಿಯುತ್ತಿದ್ದರೂ ಬೆರಳಿಗೆ ಮುಟ್ಟುವುದು 40 ಮಾತ್ರ. ಪರದೆ ಮೇಲೆ 40 ನೋಡಿ ಮನೆಮಂದಿಯೆಲ್ಲ ಗಾಬರಿ.

ತಾಳಕ್ಕೆ ಬರೋಣ. ಸಮವಾಗಿ ಹೋಗುತ್ತಿದ್ದು ನಡುವೆ ಒಂದು ತಪ್ಪಿ ಧಸಕ್ ಅಂದರೆ ಅದು ಈಗ ಹೇಳಿದ ಅಡ್ಡಬಡಿತ. ಮೆಲ್ಲಗೆ ಏರಿ ಮೆಲ್ಲಗೆ ಇಳಿಯುವ ಓಟ, 110, 120, 130, ಬಹುಪಾಲು ಜ್ವರ, ಭಯ, ನೀರಿನಂಶದ ಕೊರತೆ, ರಕ್ತಹೀನತೆಯಂಥ ಕಾರಣಕ್ಕೆ ಹೃದಯ ಕೊಡುವ ಸರಿಯಾದ ಉತ್ತರ. ಸ್ವಿಚ್ ಒತ್ತಿದಂತೆ ಒಮ್ಮೆಗೇ ಶುರುವಾಗಿ, 150ರಿಂದ 220ರವರೆಗೆ ಒಂದೇ ಸಮ ಓಡಿ, ಒಮ್ಮೆಗೇ ನಿಲ್ಲುವ, ಹೃದಯದ ಮೇಲುಭಾಗದಿಂದ ಹುಟ್ಟುವ ಓಟ ಎಸ್‌ವಿಟಿ. ಇದರಲ್ಲಿ ಕೆಲವರಿಗೆ ಕುತ್ತಿಗೆಯಲ್ಲೂ ಪಟಪಟ ಬಡಿಯುತ್ತದೆ. ತಾಳವೇ ಇಲ್ಲದ, ಒಂದು ಬಡಿತದ ಹಾಗೆ ಇನ್ನೊಂದಿಲ್ಲದ ಬಡಿತ ಏಟ್ರಿಯಲ್ ಫಿಬ್ರಿಲೇಶನ್. ಅದರಲ್ಲಿ ಮೇಲುಕೋಣೆಯೊಳಗೆ ರಕ್ತ ಹೆಪ್ಪುಗಟ್ಟಿ ಮೆದುಳಿಗೆ ಹೋಗಿ ಪಾರ್ಶ್ವವಾಯು ಆಗಬಹುದು, ಆದ್ದರಿಂದ ಬಡಿತ ತಾನಾಗೇ ಸರಿಹೋದರೂ ತೋರಿಸಲೇಬೇಕು. ವಯಸ್ಸಾದವರು “ಒಂಥರಾ ಹಾರುತ್ತೆ” ಅಂದಾಗ ನಾಡಿ ಹಿಡಿದು ನೋಡುವುದು ಮಕ್ಕಳು ಮಾಡಬಹುದಾದ ದೊಡ್ಡ ಉಪಕಾರ.

ಎಸ್‌ವಿಟಿ ಎಂದು ಇಸಿಜಿಯಲ್ಲಿ ಖಚಿತವಾಗಿ, ವೈದ್ಯರು ಮನೆಯಲ್ಲಿ ಮಾಡಬಹುದು ಎಂದವರಿಗೆ ಒಂದು ಉಪಾಯ ಇದೆ. 10 ಎಂಎಲ್ ಸಿರಿಂಜ್ ತೆಗೆದುಕೊಳ್ಳಿ, ಸೂಜಿ ಬೇಡ. ಹೊಸ ಸಿರಿಂಜಿನ ಒಳದಂಡ ಅಂಟಿಕೊಂಡಿರುತ್ತದೆ, ಮೊದಲೊಮ್ಮೆ ಎಳೆದು ಬಿಟ್ಟು ಸಡಿಲ ಮಾಡಿ. ಹಾಸಿಗೆಯಲ್ಲಿ ಅರ್ಧ ಒರಗಿ ಕೂತು, ದಂಡ ಸ್ವಲ್ಪ ಅಲುಗುವಷ್ಟು ಬಲದಿಂದ ಸಿರಿಂಜಿನ ತುದಿಗೆ 15 ಸೆಕೆಂಡ್ ಊದಿ. ತಕ್ಷಣ ಹಿಂದಿನ ದಿಂಬು ತೆಗೆದು ಅಂಗಾತ ಮಲಗಿ, ಇನ್ನೊಬ್ಬರು ಎರಡೂ ಕಾಲನ್ನು 45 ಡಿಗ್ರಿಗೆ ಎತ್ತಿ 15 ಸೆಕೆಂಡ್ ಹಿಡಿಯಲಿ. ಕಾಲುಗಳಿಂದ ರಕ್ತ ಹೃದಯಕ್ಕೆ ನುಗ್ಗುತ್ತದೆ, ಹೃದಯವನ್ನು ನಿಧಾನಗೊಳಿಸುವ ವೇಗಸ್ ನರ ಎಚ್ಚರಗೊಂಡು ಓಟಕ್ಕೆ ಬ್ರೇಕ್ ಹಾಕುತ್ತದೆ. 2015ರಲ್ಲಿ ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ಇದನ್ನು ಹೋಲಿಸಿ ನೋಡಿದಾಗ, ಬರೀ ಕೂತು ಊದಿದವರಲ್ಲಿ ಶೇ. 17 ಮಂದಿಯ ತಾಳ ಸರಿಹೋಯಿತು, ಕಾಲೆತ್ತಿದವರಲ್ಲಿ ಶೇ. 43 ಮಂದಿಯದು. ಕೆಲಸ ಕೆಡುವುದು ಮೂರು ಕಡೆ: ಐದಾರು ಸೆಕೆಂಡಿಗೇ ಊದುವುದು ಬಿಡುವುದು, ಕೆನ್ನೆ ಉಬ್ಬಿಸಿ ಬಾಯಲ್ಲೇ ಗಾಳಿ ಹಿಡಿಯುವುದು, ಕಾಲನ್ನು ತಾವೇ ತಿಣುಕಿ ಎತ್ತುವುದು. ನಿಂತುಕೊಂಡು ಮಾಡಬೇಡಿ, ಬೀಳುತ್ತೀರಿ. ಕತ್ತಿನ ರಕ್ತನಾಳ ಉಜ್ಜುವುದು, ಕಣ್ಣುಗುಡ್ಡೆ ಒತ್ತುವುದು ಮನೆಯಲ್ಲಿ ಬೇಡವೇ ಬೇಡ. ವಾಟ್ಸಾಪ್‌ನಲ್ಲಿ ಸುತ್ತುವ ‘ಒಬ್ಬರೇ ಇದ್ದಾಗ ಹೃದಯಾಘಾತವಾದರೆ ಜೋರಾಗಿ ಕೆಮ್ಮಿ’ ಸಂದೇಶವನ್ನು ಅಳಿಸಿಹಾಕಿ. ಆ ಹೊತ್ತಲ್ಲಿ ಕೆಮ್ಮುತ್ತ ಕಳೆಯುವ ಸಮಯ ಆಂಬುಲೆನ್ಸ್ ಕರೆಯಬೇಕಾದ ಸಮಯ.

ಓಟವೇನೂ ಇಲ್ಲ, ತಾಳವೂ ಸರಿ, ಬಡಿತ ಮಾತ್ರ ಭಾರ ಅನ್ನುವವರು ಹೃದಯಕ್ಕಿಂತ ಮೊದಲು ರಕ್ತ ನೋಡಿಸಬೇಕು. ನಮ್ಮ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ. 57 ಮಂದಿಗೆ ರಕ್ತಹೀನತೆ ಎಂದು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿತು. ಹಿಮೋಗ್ಲೋಬಿನ್ 12 ಇರಬೇಕಾದ ಕಡೆ 8 ಇದ್ದರೆ, ಅಷ್ಟೇ ಆಮ್ಲಜನಕ ತಲುಪಿಸಲು ಹೃದಯ ಪ್ರತಿ ಬಡಿತಕ್ಕೂ ಹೆಚ್ಚು ರಕ್ತ ನೂಕಬೇಕು. ಅದೇ ಆ ಭಾರ. ಬಟ್ಟೆಬುಟ್ಟಿ ಹಿಡಿದು ಮಹಡಿ ಹತ್ತಿದಾಗ ಎದೆ ಹೊಡೆದುಕೊಂಡರೆ “ವಯಸ್ಸಾಯ್ತು” ಅನ್ನುವುದನ್ನು ಬಿಟ್ಟು ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಮುಟ್ಟಿನಲ್ಲಿ ಅತಿಸ್ರಾವ, ಮೂಲವ್ಯಾಧಿ, ಕೊಕ್ಕೆಹುಳು, ಇವುಗಳನ್ನು ಹುಡುಕದೆ ಬರೀ ಮಾತ್ರೆ ನುಂಗಿದರೆ ಮತ್ತೆ ಇಳಿಯುತ್ತದೆ. ಕಬ್ಬಿಣದ ಮಾತ್ರೆಯನ್ನು ಕಾಫಿ, ಟೀ, ಹಾಲಿನ ಜೊತೆ ತೆಗೆದುಕೊಂಡರೆ ಬಹುಪಾಲು ಮೈಗೆ ಹತ್ತುವುದಿಲ್ಲ. ಎರಡು ಗಂಟೆ ಅಂತರ ಇಡಿ, ನಿಂಬೆ ಪಾನಕದ ಜೊತೆ ತೆಗೆದುಕೊಳ್ಳಿ. ಹಿಮೋಗ್ಲೋಬಿನ್ ಸರಿಯಾದ ಮೇಲೂ ಸುಮಾರು ಮೂರು ತಿಂಗಳು ಮುಂದುವರಿಸದಿದ್ದರೆ ದೇಹದ ಉಗ್ರಾಣ ತುಂಬುವುದಿಲ್ಲ. ಬಡಿತ ಹಗುರಾಯಿತೆಂದು ಒಂದೇ ತಿಂಗಳಿಗೆ ಬಿಡುವವರೇ ಹೆಚ್ಚು.

ರಕ್ತದ ಜೊತೆ ಥೈರಾಯ್ಡ್ ಕೂಡ. ಚೆನ್ನಾಗಿ ತಿಂದರೂ ತೂಕ ಇಳಿಯುತ್ತಿದೆ, ಕೈ ನಡುಗುತ್ತದೆ, ಎಲ್ಲರಿಗೂ ಚಳಿ ನಿಮಗೆ ಸೆಕೆ ಅನ್ನಿಸಿದರೆ ಥೈರಾಯ್ಡ್ ರಕ್ತಪರೀಕ್ಷೆಯಾದ ಟಿಎಸ್‌ಎಚ್ ನೋಡಿಸಿ. ಥೈರಾಯ್ಡ್ ಮಾತ್ರೆ ನುಂಗುವವರಲ್ಲಿ ಡೋಸ್ ಹೆಚ್ಚಾಗಿ ಹೀಗಾಗುವುದೂ ಉಂಟು. ವರ್ಷಗಟ್ಟಲೆ ಪರೀಕ್ಷೆಯಿಲ್ಲದೆ ಅದೇ ಚೀಟಿಗೆ ಮಾತ್ರೆ ತರುವುದು ಕೆಟ್ಟ ಅಭ್ಯಾಸ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರಿಗೆ ಬಡಿತದ ಜೊತೆ ಬೆವರು, ನಡುಕ, ಹಸಿವು ಬಂದರೆ ಮೊದಲು ಗ್ಲೂಕೋಮೀಟರ್. 70ಕ್ಕಿಂತ ಕೆಳಗಿದ್ದರೆ ಮೂರು ಟೀ ಚಮಚ ಸಕ್ಕರೆ ನೀರಿಗೆ ಕದಡಿ ಕುಡಿದು 15 ನಿಮಿಷಕ್ಕೆ ಮತ್ತೆ ನೋಡಿ. ಆಸ್ತಮಾದ ಸಾಲ್ಬುಟಮಾಲ್ ಇನ್ಹೇಲರ್, ಮೂಗು ಕಟ್ಟಿದ್ದಕ್ಕೆ ಕೊಡುವ ಶೀತದ ಮಾತ್ರೆಗಳೂ ಎದೆ ಹಾರಿಸುತ್ತವೆ. ಬಸುರಿಯರಲ್ಲಿ ರಕ್ತದ ಪ್ರಮಾಣ ಶೇ. 40–50ರಷ್ಟು ಹೆಚ್ಚುವುದರಿಂದ ಬಡಿತ ಜೋರಾಗಿ ತಿಳಿಯುವುದು ಸಹಜ, ಆದರೂ ಹಿಮೋಗ್ಲೋಬಿನ್ ನೋಡದೆ ಸಹಜ ಅನ್ನಬಾರದು.

‘ಗ್ಯಾಸ್’ ಪೂರ್ತಿ ಸುಳ್ಳಲ್ಲ. ರಾತ್ರಿ ಹತ್ತಕ್ಕೆ ಹೊಟ್ಟೆ ಬಿರಿಯೆ ಉಂಡು ಮಲಗಿದರೆ ಅಡ್ಡಬಡಿತ ಹೆಚ್ಚುವವರಿದ್ದಾರೆ. ಊಟಕ್ಕೂ ನಿದ್ದೆಗೂ ಎರಡು ಮೂರು ಗಂಟೆ ಬಿಡುವು ಕೊಟ್ಟರೆ ಕಡಿಮೆಯಾಗುತ್ತದೆ. ಆದರೆ ಎದೆ ಹಾರುತ್ತದೆಂದು ವೈದ್ಯರನ್ನು ಕೇಳದೆ ವರ್ಷಗಟ್ಟಲೆ ಹೊಟ್ಟೆಯ ಆಮ್ಲ ತಗ್ಗಿಸುವ ಪ್ಯಾಂಟಾಪ್ರಜೋಲ್ ನುಂಗಿದರೆ ಕೆಲವರಲ್ಲಿ ಮೆಗ್ನೀಸಿಯಂ ಇಳಿದು, ಯಾವುದಕ್ಕೆ ಹೆದರಿ ನುಂಗಿದರೋ ಆ ಅಡ್ಡಬಡಿತವೇ ಹೆಚ್ಚುತ್ತದೆ.

ಕಾಫಿ ಬಿಡಬೇಕಾ ಎಂದು ಎಲ್ಲರೂ ಕೇಳುತ್ತಾರೆ. ಎಲ್ಲರೂ ಬಿಡಬೇಕಿಲ್ಲ. ಕೆಫೀನ್ ಅರ್ಧ ಇಳಿಯಲು ಸುಮಾರು 5 ಗಂಟೆ ಬೇಕು, ಹಾಗಾಗಿ ಸಂಜೆಯ ಲೋಟವನ್ನು ಎರಡು ವಾರ ನಿಲ್ಲಿಸಿ ನೋಡಿ. ವ್ಯತ್ಯಾಸ ಇಲ್ಲದಿದ್ದರೆ ಬೆಳಗಿನ ಫಿಲ್ಟರ್ ಕಾಫಿಯನ್ನು ದೂರಬೇಡಿ. ಮದ್ಯದ ವಿಷಯ ಹಾಗಲ್ಲ. ವಾರಾಂತ್ಯದಲ್ಲಿ ಅತಿಯಾಗಿ ಕುಡಿದವರಿಗೆ ತಾಳ ತಪ್ಪುವುದನ್ನು 1978ರಲ್ಲೇ ಅಮೆರಿಕದ ವೈದ್ಯರು ಗುರುತಿಸಿ ‘ಹಾಲಿಡೇ ಹಾರ್ಟ್’ ಎಂದು ಹೆಸರಿಟ್ಟರು. ಜೋರಾಗಿ ಗೊರಕೆ ಹೊಡೆಯುತ್ತ, ಉಸಿರುಗಟ್ಟಿದಂತಾಗಿ ಎದೆ ಹೊಡೆದುಕೊಂಡು ಏಳುವವರು ನಿದ್ದೆಯ ಪರೀಕ್ಷೆ ಮಾಡಿಸಬೇಕು.

ಭಯದ ಬಡಿತವೂ ನಿಜವಾದ ಬಡಿತವೇ. 2025ರ ಜುಲೈನಲ್ಲಿ ಹಾಸನದ ಹೃದಯಾಘಾತಗಳ ಸುದ್ದಿ ದಿನವೂ ಬಂದಾಗ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಉದ್ದ ಸಾಲು ನಿಂತಿತ್ತು. ಅವರನ್ನು “ಏನಿಲ್ಲ ಹೋಗಿ” ಅಂದರೆ ಬಡಿತ ನಿಲ್ಲುವುದಿಲ್ಲ. ಭಯಕ್ಕೆ ಅಡ್ರಿನಲಿನ್, ಅಡ್ರಿನಲಿನ್‌ಗೆ ಬಡಿತ, ಬಡಿತ ಕೇಳಿ ಇನ್ನಷ್ಟು ಭಯ. ಈ ಗಾಣವನ್ನು ಉಸಿರಿನಿಂದ ತಡೆಯಬಹುದು: ಮೂಗಿನಿಂದ 4 ಎಣಿಸುವಷ್ಟು ಒಳಕ್ಕೆ, 6 ಎಣಿಸುವಷ್ಟು ಹೊರಕ್ಕೆ, 5 ನಿಮಿಷ. ಉಸಿರು ಬಿಡುವಾಗ ಹೃದಯ ನಿಧಾನವಾಗುತ್ತದೆ, ಅದಕ್ಕೇ ಹೊರಗಿನದು ಉದ್ದ ಇರಬೇಕು. ಗಾಬರಿಯಲ್ಲಿ ಜನ ಮಾಡುವುದು ಉಲ್ಟಾ, ಎದೆ ತುಂಬ ಗಾಳಿ ಎಳೆದು ಎಳೆದು ಬಾಯಿ ಸುತ್ತ ಜುಮ್ಮೆನ್ನಿಸಿಕೊಳ್ಳುತ್ತಾರೆ. ಪದೇ ಪದೇ ನಾಡಿ ಮುಟ್ಟಿ ನೋಡುವುದೂ ಗಾಣಕ್ಕೆ ಎಣ್ಣೆ. ಒಮ್ಮೆ ಎಣಿಸಿ, ಬರೆದು, ಕೈ ತೆಗೆಯಿರಿ.

ಇಸಿಜಿ ಸರಿ ಬಂತು, ಆದರೂ ಬಡಿಯುತ್ತಲ್ಲ ಅಂದರೆ: ಮಾಮೂಲಿ ಇಸಿಜಿ ಹಿಡಿಯುವುದು 10 ಸೆಕೆಂಡ್ ಮಾತ್ರ. ಆ 10 ಸೆಕೆಂಡಿನಲ್ಲಿ ಬಡಿತ ಕೆಡಲಿಲ್ಲ, ಅಷ್ಟೇ. ದಿನವೂ ಆಗುವವರಿಗೆ 24 ಗಂಟೆ ಮೈಗೆ ಕಟ್ಟಿಕೊಳ್ಳುವ ಇಸಿಜಿ ಯಂತ್ರ, ಹೋಲ್ಟರ್, ಸಾಕು. ತಿಂಗಳಿಗೊಮ್ಮೆ ಆಗುವವರಿಗೆ ಅದು ಹಣ ದಂಡ, ವಾರಗಟ್ಟಲೆ ಧರಿಸುವ ಯಂತ್ರ ಬೇಕು. ಇಸಿಜಿ ಇರುವ ವಾಚ್ ತಾಳ ಹಿಡಿಯಬಲ್ಲದು, ಹೃದಯಾಘಾತ ಹಿಡಿಯಲಾರದು. ಹಳ್ಳಿಯಲ್ಲಿರುವವರು ಬಡಿತ ಇರುವಾಗಲೇ ಹತ್ತಿರದ ತಾಲ್ಲೂಕು ಆಸ್ಪತ್ರೆಗೆ ಹೋಗಿ ಇಸಿಜಿ ತೆಗೆಸಿಕೊಳ್ಳಿ. ಆ ಕಾಗದವನ್ನು ಮಡಚಿ ಕಳೆಯಬೇಡಿ, ಫೋಟೋ ತೆಗೆದಿಡಿ; ಎಷ್ಟೋ ಪರೀಕ್ಷೆಗಿಂತ ಬೆಲೆಯುಳ್ಳದ್ದು ಅದು. ಹೋಲ್ಟರ್‌ನಲ್ಲಿ ಕೆಲವು ನೂರು ಅಡ್ಡಬಡಿತ ಕಂಡು, ಎಕೋದಲ್ಲಿ (ಹೃದಯದ ಸ್ಕ್ಯಾನ್) ಹೃದಯ ಚೆನ್ನಾಗಿದ್ದರೆ ಸಾಮಾನ್ಯವಾಗಿ ಔಷಧಿಯೇ ಬೇಡ. ದಿನಕ್ಕೆ 10 ಸಾವಿರ ದಾಟಿದರೆ ಹೃದಯ ದಣಿಯುವ ಸಾಧ್ಯತೆ ಇರುವುದರಿಂದ ಬಿಡಬಾರದು. ಬಡಿತ ತಗ್ಗಿಸುವ ಪ್ರೊಪ್ರನಾಲಾಲ್‌ನಂಥ ಮಾತ್ರೆಯನ್ನು ಪಕ್ಕದ ಮನೆಯವರಿಂದ ಪಡೆಯಬೇಡಿ: ಆಸ್ತಮಾ ಇರುವವರಿಗೆ ಅಪಾಯ, ಸಕ್ಕರೆ ಇಳಿದದ್ದನ್ನು ಮುಚ್ಚಿಡುತ್ತದೆ, ತಟ್ಟನೆ ನಿಲ್ಲಿಸಿದರೆ ಬಡಿತ ಎರಡರಷ್ಟು ಸಿಟ್ಟಾಗಿ ವಾಪಸ್ ಬರುತ್ತದೆ.

ವೈದ್ಯರ ಬಳಿ ಹೋಗುವಾಗ ಒಂದು ಚೀಟಿ ಇರಲಿ, ಹೀಗೆ: “ಮಂಗಳವಾರ ರಾತ್ರಿ 10.40. ಊಟ ಆಗಿ ಅರ್ಧ ಗಂಟೆ. ಎಡಮಗ್ಗುಲು. ನಿಮಿಷಕ್ಕೆ 74, ನಾಲ್ಕು ಸಲ ತಪ್ಪಿತು. ತಲೆಸುತ್ತು ಇಲ್ಲ. ಬಲಕ್ಕೆ ಹೊರಳಿದ ಮೇಲೆ ಕಡಿಮೆ. ಸಂಜೆ ಎರಡು ಕಾಫಿ. ಶೀತಕ್ಕೆ ಒಂದು ಮಾತ್ರೆ.”