ದ್ವೀಪದ ಮರೀನಾದಲ್ಲಿ ಯಾಟ್ ಕಟ್ಟುವಾಗ

ಮರೀನಾದ, ಅಂದರೆ ದೋಣಿಗಳ ತಂಗುದಾಣದ, ಒಳಗೆ ಹೋದ ಮೇಲೆ ಹಗ್ಗ ಹುಡುಕುವುದು ಬೇಡ. ಅಲೆತಡೆಯ ಹೊರಗೆ, ಜಾಗ ವಿಶಾಲವಾಗಿರುವಲ್ಲೇ ಫೆಂಡರ್‌ಗಳನ್ನು (ದೋಣಿಯ ಬದಿ ಉಜ್ಜದಂತೆ ಕಾಯುವ ಮೆತ್ತೆಗಳನ್ನು) ಇಳಿಬಿಡಿ. ಮುಂದೊಂದು, ಹಿಂದೊಂದು, ಜೊತೆಗೆ ದೋಣಿ ಹಿಂದೆ ಮುಂದೆ ಸರಿಯದಂತೆ ಓರೆಯಾಗಿ ಕಟ್ಟುವ ಎರಡು ಸ್ಪ್ರಿಂಗ್ ಹಗ್ಗ ಕೈಗೆ ಸಿಗುವಂತಿರಲಿ. ವಿಎಚ್‌ಎಫ್ ರೇಡಿಯೊದಲ್ಲಿ ಮರೀನಾದವರಿಗೆ ದೋಣಿಯ ಉದ್ದ, ಅಗಲ, ನೀರೊಳಗಿನ ಆಳ ತಿಳಿಸಿ. ಯಾವ ಬದಿ ದಕ್ಕೆಗೆ ಬರುತ್ತದೆಂದು ಆಗಲೇ ಕೇಳಿಕೊಳ್ಳಿ.

ದ್ವೀಪಗಳಲ್ಲಿ ನಿಜವಾಗಿ ಕಾಡುವುದು ಗಾಳಿ. ಗುಡ್ಡದ ಮರೆಯಲ್ಲಿ ನೀರು ಶಾಂತವಾಗಿ ಕಂಡರೂ ಕಣಿವೆಯಿಂದ ಇದ್ದಕ್ಕಿದ್ದಂತೆ ನುಗ್ಗುವ ಗಾಳಿ ದೋಣಿಯ ಮೂತಿಯನ್ನು ಪಕ್ಕಕ್ಕೆ ತಳ್ಳುತ್ತದೆ. ತೀರಾ ನಿಧಾನವಾದರೆ ಚುಕ್ಕಾಣಿ ಮಾತು ಕೇಳುವುದಿಲ್ಲ. ವೇಗ 2 ನಾಟ್ (ಗಂಟೆಗೆ ಸುಮಾರು 3.7 ಕಿ.ಮೀ.) ಆಸುಪಾಸು ಇರಲಿ. ಬಲಕ್ಕೆ ತಿರುಗುವ ಪ್ರೊಪೆಲರ್ ರಿವರ್ಸ್‌ನಲ್ಲಿ ಹಿಂಭಾಗವನ್ನು ಎಡಕ್ಕೆ ಎಳೆಯುತ್ತದೆ, ಹಾಗಾಗಿ ಎಡಬದಿ ಕಟ್ಟುವ ಜಾಗ ಸಿಕ್ಕರೆ ಒಳ್ಳೆಯದು.

ಮೊದಲು ದೋಣಿಯ ನಡುವಿನಿಂದ ಸ್ಪ್ರಿಂಗ್ ಹಗ್ಗವನ್ನು ಹಿಂದಕ್ಕೆ ಚಾಚಿ ದಕ್ಕೆಗೆ ಬಿಗಿಯಿರಿ. ಮುಂದಿನ ಗೇರ್ ಮೆಲ್ಲಗೆ ಹಾಕಿ, ಸ್ಟಿಯರಿಂಗನ್ನು ದಕ್ಕೆಯಿಂದ ಆಚೆಗೆ ತಿರುಗಿಸಿದರೆ ದೋಣಿ ತಾನೇ ಒರಗಿ ನಿಲ್ಲುತ್ತದೆ. ಒಬ್ಬಿಬ್ಬರೇ ಇರುವ ದೋಣಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ. ಮೂತಿಯ ಹಗ್ಗವನ್ನೇ ಮೊದಲು ಎಳೆದರೆ ಹಿಂಭಾಗ ಹೊರಕ್ಕೆ ಹೊರಳುತ್ತದೆ.

ದಡದ ಕರೆಂಟಿಗೆ, ದಕ್ಕೆಯ ಕರೆಂಟ್ ಕಂಬದ ಬ್ರೇಕರ್ ಆಫ್ ಮಾಡಿ ಕೇಬಲ್ಲನ್ನು ಮೊದಲು ದೋಣಿಗೆ, ಆಮೇಲೆ ಕಂಬಕ್ಕೆ ಸಿಕ್ಕಿಸಿ. ಬಿಚ್ಚುವಾಗ ಕಂಬದ್ದೇ ಮೊದಲು. ಇಲ್ಲವಾದರೆ ಕರೆಂಟಿರುವ ತುದಿ ನೀರಿಗೆ ಬಿದ್ದೀತು.