‘ಶಿ ಸಾ’, ‘ಶಿ ನೋಟಿಸ್ಟ್’: ಇಂಗ್ಲಿಷ್ ಕಾರ್ಡುಗಳ ಕೆಲಸ ಎಲ್ಲಿಗೆ ಬಂತು

ಭಾನುವಾರ ಮಧ್ಯಾಹ್ನ ಬೆಂಗಳೂರಿನ ಹನುಮಂತನಗರದ ನಮ್ಮ ಮನೆಯಲ್ಲಿ ಇಂಗ್ಲಿಷ್ ಕಲಿಯಲು ಸೇರುವ ಹೆಂಗಸರಿಗಾಗಿ ವಾಕ್ಯಗಳ ಕಾರ್ಡುಗಳನ್ನು ಮಾಡುತ್ತಿದ್ದೇನೆ. ಅದರ ಎರಡನೇ ಕಟ್ಟು ಮುಗಿಯುತ್ತಾ ಬಂದಿದೆ. ಮೊದಲ ಕಟ್ಟಿನಲ್ಲಿ ಹೋದಳು, ಬಂದಳು, ಕೊಂಡಳು ಥರದ ವಾಕ್ಯಗಳಿದ್ದವು. ಈ ಕಟ್ಟು ಪೂರ್ತಿ ನೋಡಿದ್ದು, ಕೇಳಿಸಿಕೊಂಡಿದ್ದು, ಗಮನಿಸಿದ್ದು, ಮುಟ್ಟಿ ತಿಳಿದಿದ್ದು. ಎಲ್ಲವೂ ಭೂತಕಾಲ. ಹೆಚ್ಚಿನ ವಾಕ್ಯಗಳಿಗೆ ಕರ್ತೃ ‘ಶಿ’, ಅಂದರೆ ಅವಳು.

ಯಾಕೆ ‘ಶಿ’ ಅಂದರೆ, ವಾಕ್ಯಗಳಿಗಾಗಿ ಅವೆನ್ಯೂ ರೋಡಿನಲ್ಲಿ ಕೊಂಡ ಹಳೇ ಗ್ರಾಮರ್ ಪುಸ್ತಕಗಳನ್ನು ತಿರುವಿ ಹಾಕಿದೆ. ಹೆಂಗಸು ಬಂದ ಕಡೆಯೆಲ್ಲ ಪೆನ್ಸಿಲ್ ಗುರುತು ಹಾಕಿದೆ. ಅಡುಗೆ ಮಾಡಿದಳು, ಹಾಡಿದಳು, ಅತ್ತಳು, ಅವಳಿಗೆ ಬೇಜಾರಾಯಿತು. ಏನನ್ನಾದರೂ ಕಂಡುಹಿಡಿಯುವ ವಾಕ್ಯ ಬಂದರೆ ಅಲ್ಲಿ ‘ಹಿ’ ಬಂದು ಕೂತಿರುತ್ತಾನೆ. ನಮ್ಮ ಮನೆಗೆ ಬರುವವರು ಎಂಥವರು? ಒಬ್ಬರು ಗಾರ್ಮೆಂಟ್ಸ್‌ನಲ್ಲಿ ಚೆಕಿಂಗ್ ಕೆಲಸದವರು. ಇನ್ನೊಬ್ಬರು ದಿನಾ ನಾಲ್ಕು ಮನೆ ಕೆಲಸ ಮುಗಿಸಿ ಬರುವವರು. ಮಗಳ ಶಾಲೆಯ ಪೇರೆಂಟ್ಸ್ ಮೀಟಿಂಗ್‌ನಲ್ಲಿ ಎದ್ದು ನಿಂತು ಮಾತಾಡಬೇಕು ಅನ್ನುವವರೂ ಇದ್ದಾರೆ. ಕಾಲರ್ ಹೊಲಿಗೆ ಒಂಚೂರು ಓರೆಯಾಗಿದ್ದರೆ ಮೊದಲು ಕಾಣುವುದು ಇವರ ಕಣ್ಣಿಗೆ. ಕಂಡದ್ದನ್ನು ಇಂಗ್ಲಿಷಿನಲ್ಲಿ ಹೇಳಲು ಬರಬೇಕು, ಅಷ್ಟೇ. ಅದಕ್ಕೇ ಈ ಕಟ್ಟು.

ಮೊದಲು ಕೈಗೆ ತೆಗೆದುಕೊಂಡಿದ್ದು ಒಂದು ಜೋಡಿ. ‘ಶಿ ಸಾ ಹಿಮ್ ಕ್ರಾಸ್ ದ ರೋಡ್.’ ‘ಶಿ ಸಾ ಹಿಮ್ ಕ್ರಾಸಿಂಗ್ ದ ರೋಡ್.’ ಮೊದಲನೆಯದರಲ್ಲಿ ಅವನು ಈ ಬದಿಯಿಂದ ಆ ಬದಿ ಸೇರುವ ತನಕ ಪೂರ್ತಿ ನೋಡಿದಳು. ಎರಡನೆಯದರಲ್ಲಿ ದಾಟುತ್ತಾ ಇದ್ದದ್ದು ಕಣ್ಣಿಗೆ ಬಿತ್ತು. ಆಚೆ ತಲುಪಿದನೋ ಇಲ್ಲವೋ, ವಾಕ್ಯ ಹೇಳುವುದಿಲ್ಲ. ಇದನ್ನು ನಾನು ಬಾಯಲ್ಲಿ ಎಷ್ಟು ವಿವರಿಸಿದರೂ ಯಾರ ಮುಖದಲ್ಲೂ ‘ಹಾಂ’ ಅನ್ನುವುದು ಬರಲಿಲ್ಲ. ಆಮೇಲೆ ನೀರಿನ ಟ್ಯಾಂಕರ್ ಕಾರ್ಡು ಇಟ್ಟೆ. ‘ಶಿ ಹರ್ಡ್ ದ ಟ್ಯಾಂಕರ್ ಲೀವ್.’ ‘ಶಿ ಹರ್ಡ್ ದ ಟ್ಯಾಂಕರ್ ಲೀವಿಂಗ್.’ ಮೇಲಿನ ಮನೆ ಅಕ್ಕ ಎರಡೂ ಕಾರ್ಡು ಪಕ್ಕ ಪಕ್ಕ ಹಿಡಿದು ಓದಿದರು. “ಲೀವಿಂಗ್ ಅಂದ್ರೆ ಓಡಿ ಹೋಗಿ ನಿಲ್ಲಿಸಬಹುದು. ಲೀವ್ ಅಂದ್ರೆ ಹೋಗೇ ಬಿಡ್ತು, ಅಲ್ವಾ?” ಅಂದರು. ಇದಕ್ಕಿಂತ ಒಳ್ಳೆ ವಿವರಣೆ ನನಗೆ ಸಿಕ್ಕಿಲ್ಲ. ಕಾರ್ಡಿನ ಹಿಂದೆ ಅವರ ಮಾತನ್ನೇ ಬರೆದಿದ್ದೇನೆ.

ಈ ಜೋಡಿಯಲ್ಲಿ ಇನ್ನೊಂದು ವಿಷಯ ಇದೆ. ಭೂತಕಾಲ ಇರುವುದು ‘ಸಾ’, ‘ಹರ್ಡ್’ ಮೇಲೆ ಮಾತ್ರ. ಮುಂದೆ ಬರುವ ‘ಕ್ರಾಸ್’, ‘ಲೀವ್’ ಹಾಗೇ ಬರಿಮೈಯಲ್ಲಿ ಇರಬೇಕು. ‘ಕ್ರಾಸ್ಡ್’ ಅನ್ನಬಾರದು, ನಡುವೆ ‘ಟು’ ಸೇರಿಸಬಾರದು. ಆದರೆ ವಾಕ್ಯವನ್ನು ಕರ್ಮಣಿಗೆ ತಿರುಗಿಸಿದರೆ ‘ಟು’ ವಾಪಸ್ ಬರುತ್ತದೆ: ‘ಹಿ ವಾಸ್ ಸೀನ್ ಟು ಕ್ರಾಸ್ ದ ರೋಡ್.’ ಮೊದಲ ಕ್ರಿಯಾಪದಕ್ಕೆ ಕೆಂಪು ಸ್ಕೆಚ್ ಪೆನ್, ಎರಡನೆಯದಕ್ಕೆ ಹಸಿರು. ಬಣ್ಣ ಹಾಕಿದ ಮೇಲೆ ಗೊಂದಲ ಎಷ್ಟೋ ಕಮ್ಮಿಯಾಯಿತು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ‘ಫೆಲ್ಟ್’ ಕಾರ್ಡುಗಳು. ಕಣ್ಣಿಗೆ ಇಂಗ್ಲಿಷಿನಲ್ಲಿ ಬೇರೆ ಬೇರೆ ಕ್ರಿಯಾಪದ ಇದೆ. ಬೇಕಂತಲೇ ನೋಡಿದರೆ ‘ಲುಕ್ಟ್ ಆಟ್’, ತಾನಾಗಿ ಕಂಡರೆ ‘ಸಾ’. ಕಿವಿಗೂ ಹಾಗೇ, ‘ಲಿಸನ್ಡ್ ಟು’ ಬೇರೆ, ‘ಹರ್ಡ್’ ಬೇರೆ. ಮುಟ್ಟುವುದಕ್ಕೆ, ಮೂಸುವುದಕ್ಕೆ, ರುಚಿಗೆ ಮಾತ್ರ ಒಂದೊಂದೇ ಕ್ರಿಯಾಪದ ಎಲ್ಲ ಕೆಲಸ ಮಾಡುತ್ತದೆ. ಹಾಗಾಗಿ ‘ಫೆಲ್ಟ್’ಗೆ ಮೂರು ಕಾರ್ಡು ಮಾಡಿದೆ.

‘ಶಿ ಫೆಲ್ಟ್ ದ ಕ್ಲಾತ್.’ ‘ದ ಕ್ಲಾತ್ ಫೆಲ್ಟ್ ರಫ್.’ ‘ಶಿ ಫೆಲ್ಟ್ ದಟ್ ದ ಕ್ಲಾತ್ ವಾಸ್ ರಫ್.’

ಗಾರ್ಮೆಂಟ್ಸ್ ಅಕ್ಕ ಮೊದಲ ಕಾರ್ಡು ಓದುತ್ತಾ ಓದುತ್ತಾ ತನ್ನ ದುಪಟ್ಟಾದ ಅಂಚನ್ನು ಹೆಬ್ಬೆರಳು, ತೋರುಬೆರಳ ನಡುವೆ ತೆಗೆದುಕೊಂಡು ಮೆಲ್ಲಗೆ ಉಜ್ಜಿದರು. ಲೈನಿನಲ್ಲಿ ದಿನಾ ಮಾಡುವುದೂ ಅದನ್ನೇ. ಅದು ಕೆಲಸ, ಪರೀಕ್ಷೆ. ಎರಡನೇ ವಾಕ್ಯದಲ್ಲಿ ಬಟ್ಟೆ ಇದೆ, ಒರಟು ಇದೆ, ಬೆರಳಿನವಳು ಮಾತ್ರ ಇಲ್ಲ. ಮೂರನೆಯದರಲ್ಲಿ ಅವಳು ಇದ್ದಾಳೆ, ಆದರೆ ಬಟ್ಟೆ ಒರಟು ಅನ್ನುವುದು ಬರೀ ಅವಳಿಗೆ ಅನಿಸಿದ್ದು ಅಂತ ಆಗುತ್ತದೆ. ಅದನ್ನು ಕೇಳಿ ಅವರು ಸ್ವಲ್ಪ ಹೊತ್ತು ಸುಮ್ನೆ ಕೂತರು. ಆಮೇಲೆ, “ಸೂಪರ್‌ವೈಸರ್ ಹತ್ರ ಇದನ್ನ ಹೇಳಿದ್ರೆ ‘ನಿಂಗೆ ಹಂಗನ್ಸುತ್ತೆ ಬಿಡು’ ಅಂತಾರೆ” ಅಂದರು.

ಅದಕ್ಕೆ ಉತ್ತರವಾಗಿ ಮಾಡಿದ್ದೇ ‘ನೋಟಿಸ್ಟ್’, ಅಂದರೆ ಗಮನಿಸಿದಳು ಅನ್ನುವ ಕಾರ್ಡುಗಳು. ಇದರ ಹಿಂದೆ ಭಾಷಾವಿಜ್ಞಾನದ ಒಂದು ಒಳ್ಳೆ ಗುಟ್ಟಿದೆ. 1970ರಲ್ಲಿ ಪಾಲ್ ಕಿಪಾರ್ಸ್ಕಿ ಮತ್ತು ಕ್ಯಾರೊಲ್ ಕಿಪಾರ್ಸ್ಕಿ ಬರೆದ ಲೇಖನದಲ್ಲಿ ಇಂಥ ಕ್ರಿಯಾಪದಗಳಿಗೆ ‘ಫ್ಯಾಕ್ಟಿವ್’ ಅಂತ ಹೆಸರಿಟ್ಟರು. ಆಡುವವರು ‘ದಟ್’ ಮುಂದಿನ ಮಾತನ್ನು ನಿಜ ಅಂತಲೇ ಇಟ್ಟುಕೊಂಡು ಮಾತಾಡುತ್ತಾರೆ. ‘ಇಲ್ಲ’ ಸೇರಿಸಿ ನೋಡಿದರೆ ಗೊತ್ತಾಗುತ್ತದೆ. ‘ಶಿ ಡಿಡ್ಂಟ್ ನೋಟಿಸ್ ದಟ್ ದ ಗೇಟ್ ವಾಸ್ ಓಪನ್’ ಅಂದರೂ ಗೇಟು ತೆರೆದೇ ಇತ್ತು. ‘ಶಿ ಡಿಡ್ಂಟ್ ಥಿಂಕ್ ದಟ್ ದ ಗೇಟ್ ವಾಸ್ ಓಪನ್’ ಅಂದರೆ ಗೇಟಿನ ಕಥೆ ಗೊತ್ತಿಲ್ಲ. ‘ನೋಟಿಸ್ಟ್’, ‘ರಿಯಲೈಸ್ಡ್’ ಒಂದು ಕಡೆ. ‘ಥಾಟ್’, ‘ಫೆಲ್ಟ್ ದಟ್’ ಇನ್ನೊಂದು ಕಡೆ. ಬಟ್ಟೆ ಕೈಯಲ್ಲಿ ಹಿಡಿದು ನೋಡಿದವಳು ‘ಐ ನೋಟಿಸ್ಟ್ ದಟ್ ದ ಕಾಲರ್ ವಾಸ್ ಕ್ರುಕೆಡ್’ ಅನ್ನಬೇಕು. ಅವಳು ಕಂಡದ್ದು ಕಂಡದ್ದೇ. ಅದನ್ನು ಅನಿಸಿಕೆಯ ಕ್ರಿಯಾಪದದಲ್ಲಿ ಯಾಕೆ ಹೇಳಬೇಕು? ಪುಸ್ತಕಗಳಲ್ಲಿ ಹೆಂಗಸಿನ ಪಾಲಿಗೆ ‘ಫೆಲ್ಟ್’ ಬಂದಾಗಲೆಲ್ಲ ನನಗೆ ಸಂಕಟವಾಗುವುದು ಇದಕ್ಕೇ.

ಉಳಿದದ್ದು ಚಿಕ್ಕ ಚಿಕ್ಕ ಕೆಲಸ. ‘ದಟ್’ ಒಳಗಿನ ಕ್ರಿಯಾಪದವೂ ಸಾಮಾನ್ಯವಾಗಿ ಭೂತಕ್ಕೆ ಹೋಗುತ್ತದೆ, ‘ಇಸ್’ ಇದ್ದದ್ದು ‘ವಾಸ್’ ಆಗುತ್ತದೆ. ಸಂಗತಿ ಈಗಲೂ ಹಾಗೇ ಇದ್ದರೆ ‘ಇಸ್’ ಕೂಡ ನಡೆಯುತ್ತದೆ. ‘ಶಿ ವಾಸ್ ಹಿಯರಿಂಗ್’ ಅನ್ನುವ ಅಭ್ಯಾಸ ನಮ್ಮ ಊರಲ್ಲಿ ಜಾಸ್ತಿ. ಅದರ ಬದಲು ‘ಶಿ ಕುಡ್ ಹಿಯರ್’. ಇದಕ್ಕೆ ಕಡಲೆಕಾಯಿ ಪರಿಷೆಯಿಂದ ವಾಕ್ಯ ತೆಗೆದೆ. ಕಾರ್ತಿಕದ ಕೊನೇ ಸೋಮವಾರ ಬುಲ್ ಟೆಂಪಲ್ ರೋಡ್ ತುಂಬಾ ರಾಶಿ ರಾಶಿ ಕಾಯಿ, ಜನ. ‘ಫ್ರಮ್ ದ ಟೆರೇಸ್ ಶಿ ಕುಡ್ ಹಿಯರ್ ದ ಕ್ರೌಡ್.’ ‘ಶಿ ಕುಡ್ ಸ್ಮೆಲ್ ದ ರೋಸ್ಟೆಡ್ ಪೀನಟ್ಸ್.’ ಇವು ಒಂದೇ ಸಲಕ್ಕೆ ಎಲ್ಲರ ಬಾಯಿಗೂ ಬಂದವು.

ಉಚ್ಚಾರಣೆಗೆ ಕಾರ್ಡಿನ ಮೂಲೆಯಲ್ಲಿ ಕನ್ನಡದಲ್ಲೇ ಗುರುತು ಹಾಕಿದ್ದೇನೆ. ‘ವಾಚೆಡ್’ ಅಲ್ಲ, ‘ವಾಚ್ಟ್’. ‘ಲುಕ್ಟ್’, ‘ನೋಟಿಸ್ಟ್’ ಅದೇ ಗುಂಪು. ‘ಸ್ಮೆಲ್ಡ್’, ‘ಲಿಸನ್ಡ್’ ಇನ್ನೊಂದು. ‘ಟೇಸ್ಟಿಡ್’, ‘ಸೌಂಡಿಡ್’ ಮೂರನೆಯದು. ಗಂಟಲ ಮೇಲೆ ಬೆರಳಿಟ್ಟು ಕ್ರಿಯಾಪದದ ಕೊನೆಯ ಶಬ್ದ ಹೇಳಿ ನೋಡುವುದು. ಕಂಪಿಸಿದರೆ ‘ಡ್’, ಇಲ್ಲದಿದ್ದರೆ ‘ಟ್’. ಕೊನೆಯಲ್ಲಿ ಮೊದಲೇ ಟ, ಡ ಇದ್ದರೆ ಮಾತ್ರ ‘ಇಡ್’.

ಮುಂದಿನ ಕೆಲಸ ಮನೆಯಿಂದ ಹೊರಗೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ನಮ್ಮ ರಾಜ್ಯದ ಹೆಂಗಸರಿಗೆ ಸಾಮಾನ್ಯ ಸರ್ಕಾರಿ ಬಸ್ಸು ಉಚಿತ ಆಗಿದೆಯಲ್ಲ, ಆಧಾರ್ ಕಾರ್ಡ್ ಹಿಡಿದು ಎಲ್ಲರೂ ಒಟ್ಟಿಗೆ ಲಾಲ್‌ಬಾಗಿಗೆ ಹೋಗೋಣ ಅಂತ ಮಾತಾಗಿದೆ. ದಾರಿಯಲ್ಲಿ ಕಂಡದ್ದು, ಕೇಳಿಸಿದ್ದು, ಮೂಗಿಗೆ ಬಡಿದದ್ದು, ಎಲ್ಲವನ್ನೂ ಅವರೇ ‘ಐ’ ಹಾಕಿ ಹೇಳಬೇಕು. ನಾನು ಬರೆದುಕೊಳ್ಳುತ್ತೇನೆ. ಮೂರನೇ ಕಟ್ಟಿಗೆ ನನ್ನ ವಾಕ್ಯ ಒಂದೂ ಬೇಡ, ಪೂರ್ತಿ ಅವರವೇ ಇರಲಿ. ಗಾರ್ಮೆಂಟ್ಸ್ ಅಕ್ಕನಿಗೆ ಬರುವ ಭಾನುವಾರ ಓವರ್‌ಟೈಮ್ ಬೀಳದಿದ್ದರೆ ಅವತ್ತೇ, ಬಿದ್ದರೆ ಅದರ ಮುಂದಿನ ವಾರ.